ಒಲೆಯ ಮುಂದಿನ ಪುರಾಣ

ಇಸ್ತ್ರಿಯ ಬಿಸಿಗೆ ಉಣ್ಣೆ ಕಮರಿದರೆ ಈಗಲೂ ಕೊಹೀರ್ ಊರಿನ ನಮ್ಮ ಮನೆಯ ಆ ಮಧ್ಯಾಹ್ನ ಕಣ್ಣೆದುರು ಬರುತ್ತದೆ.

ಚಿಕ್ಕಪ್ಪನ ಹೆಂಡತಿ ಕಾಕು ಮನೆಮಂದಿಗೆಲ್ಲ ರೊಟ್ಟಿ ಬೇಯಿಸುತ್ತ, ನಡುನಡುವೆ ನನ್ನ ಸ್ವೆಟರ್ ಹೆಣೆಯುತ್ತ, ಪಡಸಾಲೆಯಲ್ಲಿದ್ದ ಅಜ್ಜಿಗೆ ಕೇಳುವಂತೆ ಪುರಾಣ ಓದುತ್ತಿದ್ದಳು.

"ಅಧ್ಯಾಯ ಮುಗಿಯೋತನಾ ನಡುವ ಬಾಯಿ ಹಾಕಬ್ಯಾಡ, ಪಾಪ ಬರ್ತದ," ಎಂದು ಅಜ್ಜಿ ನನಗೆ ಮೊದಲೇ ಹೇಳಿದ್ದಳು.

ಕಾಕುವಿನ ಸೆರಗು ಜಾರಿ ಒಲೆಗೆ ತಾಗಿತು. ಉರಿ ಮಡಿಲಿನ ಉಣ್ಣೆಯತ್ತ ಏರುವುದನ್ನು ನೋಡುತ್ತ ನಾನು ತುಟಿ ಬಿಗಿಹಿಡಿದು ಕೂತೆ. ಉಣ್ಣೆ ಕಮರಿ ಬಿಸಿ ತಾಗಿದಾಗ ಕಾಕು ಚೀರಿ, ಬರಿಗೈಯಿಂದ ಬಡಿದು ಬೆಂಕಿ ಆರಿಸಿದಳು.

"ನೋಡಿದ್ದಿಲ್ಲೇನ, ನನ್ನವ್ವಾ?"

"ನೋಡಿದ್ದೆ ಕಾಕು. ಅಧ್ಯಾಯ ಮುಗಿದಿದ್ದಿಲ್ಲ."

"ಶಾಣೆ ಕೂಸು! ಎಷ್ಟು ಭಕ್ತಿ ನೋಡು," ಎಂದಳು ಒಳಗೆ ಬಂದ ಅಜ್ಜಿ.

ಕಾಕು ಬೆಂದ ಕೈಯಿಂದಲೇ ನನ್ನ ತಾಟಿಗೆ ರೊಟ್ಟಿ ಹಾಕಿದಳು.