ಕೈಗುಣ

ಒಳಗಿನಿಂದ ನರಳುವ ಸದ್ದು ಕೇಳಿಸಿತು. ಬಾಗಿಲಾಚೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡು ನಕ್ಕರು.

ಪರೀಕ್ಷೆ ಮುಗಿಸಿ ಹೊರಬಂದವನು ಹಣೆ ಒರೆಸಿಕೊಂಡ. "ಈ ಸಲ ಎದೆನೋವು ಕಣ್ರೋ. ಮೈಯೆಲ್ಲ ಬೆವರು ಬೇರೆ ಬರಿಸ್ಕೊಂಡಿದಾರೆ. ಆ ನಾಟಕ ನೋಡ್ತಾ ಉಗುರು ನೋಡೋದೇ ಮರೆತುಬಿಟ್ಟೆ."

ಹಿರಿಯ ಪ್ರೊಫೆಸರರ ಪದ್ಧತಿಯೇ ಅದು. ಅಂತಿಮ ವರ್ಷದ ವೈದ್ಯ ವಿದ್ಯಾರ್ಥಿಗಳ ಪರೀಕ್ಷೆಗೆ ರೋಗಿಯ ವೇಷ ಹಾಕಲು ಬೇರೆಯವರನ್ನು ಕರೆಸುತ್ತಿರಲಿಲ್ಲ. ತಾವೇ ಮಂಚ ಹತ್ತುತ್ತಿದ್ದರು. ಕಂಡದ್ದನ್ನು, ಮಾಡುವುದನ್ನು ವಿದ್ಯಾರ್ಥಿ ಗಟ್ಟಿಯಾಗಿ ಹೇಳಬೇಕು. ದೂರದ ಮೂಲೆಯಲ್ಲಿ ಕೂತ ಸಹಾಯಕ ಪರೀಕ್ಷಕರು ಕಿವಿಗೆ ಬಿದ್ದದ್ದಕ್ಕೆ ಅಂಕ ಹಾಕಬೇಕು. ಬಾಯಲ್ಲಿ ಹೇಳದಿದ್ದರೆ ಮಾಡಿದ್ದೂ ಲೆಕ್ಕಕ್ಕಿಲ್ಲ.

"ನರಳೋದನ್ನ ಯಾರು ಬೇಕಾದ್ರೂ ನಟಿಸ್ತಾರೆ. ನೀರು ಚಿಮುಕಿಸ್ಕೊಂಡ್ರೆ ಬೆವರೂ ಆಯ್ತು," ಎಂದು ತರಗತಿಯಲ್ಲಿ ಹೇಳುತ್ತಿದ್ದರು. "ಜೀವಕ್ಕೆ ಕುತ್ತು ಬಂದ್ರೆ ಉಗುರು ನೀಲಿ ಆಗುತ್ತೆ, ಆ ಬಣ್ಣ ನಟಿಸೋಕಾಗಲ್ಲ. ಮೊದಲು ಅದನ್ನ ನೋಡಿ, ಗೂಬೆಗಳಾ."

ಮುಂದಿನ ಸರದಿ ಕೈಗುಣಳದು. ಆ ಅಡ್ಡಹೆಸರಿಟ್ಟವರೂ ಪ್ರೊಫೆಸರೇ. ಹೋದ ವರ್ಷ ಇದೇ ಪರೀಕ್ಷೆಯಲ್ಲಿ ಅವರು ಮಂಚದಿಂದ ದೊಪ್ಪನೆ ಬಿದ್ದಿದ್ದರು. ಅವಳು ಹಿಂದೆ ಮುಂದೆ ನೋಡದೆ ಎದೆ ಒತ್ತತೊಡಗಿದ್ದಳು. ಸಹಾಯಕರೂ ಗಾಬರಿಯಿಂದ ಎದ್ದು ಓಡಿ ಬಂದಿದ್ದರು. ಪ್ರೊಫೆಸರು ಕಣ್ಣು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಉಸಿರಾಡ್ತಿರೋನ ಎದೆ ಮುರೀತೀಯಲ್ಲಮ್ಮ. ಏನು ಕೈಗುಣ ನಿಂದು."

ಅವಳನ್ನು ಫೇಲು ಮಾಡಿದರು. ಸಹಾಯಕರಿಗೆ ಎಲ್ಲರೆದುರೇ ಬೈದರು: "ಇನ್ಮೇಲೆ ನಾನು ಸತ್ತರೂ ನೀನು ಕುರ್ಚಿ ಬಿಟ್ಟು ಏಳಕೂಡದು."

ಜೊತೆಯವರೆಲ್ಲ ಡಾಕ್ಟರಾಗಿ ಹೋದರು. ಅವಳು ಅಡ್ಡಹೆಸರು ಹೊತ್ತುಕೊಂಡು ಅದೇ ಬೆಂಚಿಗೆ ಮರಳಿದಳು. ಆ ನಗು ಅವಳ ನಿದ್ದೆಯನ್ನೇ ತಿಂದಿತ್ತು. ಈ ಸಲವೂ ಫೇಲಾದರೆ ಕಾಲೇಜನ್ನೇ ಬಿಡಬೇಕು, ಮತ್ತೊಂದು ಅವಕಾಶವಿಲ್ಲ.

ಗಂಟೆ ಹೊಡೆಯಿತು. ಅವಳು ಒಳಗೆ ಬಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಳು.

"ನಮಸ್ಕಾರ ಯಜಮಾನ್ರೇ. ಏನು ತೊಂದ್ರೆ ಆಗ್ತಿದೆ?"

"ಎದೆ..." ಪ್ರೊಫೆಸರು ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ಇದು... ನಾಟಕ ಅಲ್ಲ."

ಸಹಾಯಕರು ತಲೆ ಎತ್ತದೆ ಮುಸಿಮುಸಿ ನಕ್ಕರು. ಆ ಮಾತು ಹಳೆಯ ಬಲೆ. ಪ್ರತಿ ವರ್ಷ ಯಾರಾದರೊಬ್ಬರು ಅದಕ್ಕೆ ಬೀಳುತ್ತಿದ್ದರು.

"ನಿಮ್ಮ ಕೈ ಹಿಡಿದು ನೋಡ್ಲಾ?" ಕೇಳಿ, ಆಮೇಲೆ ಮುಟ್ಟಿದಳು. ಬೆರಳುಗಳನ್ನು ದೀಪದ ಬೆಳಕಿಗೆ ಹಿಡಿದು ತುಸು ಹೊತ್ತು ನೋಡಿದಳು.

"ಉಗುರಿನ ಬಣ್ಣ ಸಹಜವಾಗಿದೆ," ಎಂದಳು ಗಟ್ಟಿಯಾಗಿ.

ಸಹಾಯಕರು ಅಂಕ ಹಾಕಿದರು. ಮನಸ್ಸಿನಲ್ಲಿದ್ದ ಚೂರುಪಾರು ಅನುಮಾನವೂ ಅಲ್ಲಿಗೆ ಹೋಯಿತು.

"ತಕ್ಷಣ ಇಸಿಜಿ ಮಾಡಿಸ್ತೀನಿ. ಆಸ್ಪಿರಿನ್ ಅಗಿಯೋಕೆ ಕೊಡ್ತೀನಿ. ಹಿರಿಯ ಡಾಕ್ಟರನ್ನ ಕರೆಸ್ತೀನಿ." ಯಾರನ್ನೂ ಕರೆಸಲಿಲ್ಲ. ಪರೀಕ್ಷೆಯಲ್ಲಿ ಹೇಳಿದರೆ ಸಾಕು.

ಪ್ರೊಫೆಸರು ಅವಳ ಕೋಟಿನ ತೋಳು ಹಿಡಿದು ಎಳೆದರು. "ಯಾರನ್ನಾದ್ರೂ... ಕರೀಮ್ಮ..."

"ಗಾಬರಿ ಆಗ್ಬೇಡಿ. ನಾನು ಇಲ್ಲೇ ಇದೀನಲ್ಲ," ಎಂದಳು ಮೃದುವಾಗಿ. ರೋಗಿಗೆ ಧೈರ್ಯ ಹೇಳುವುದಕ್ಕೆ ಬೇರೆಯೇ ಅಂಕವಿತ್ತು. ಅದೂ ಸಿಕ್ಕಿತು.

ತೋಳಿನ ಮೇಲಿನ ಹಿಡಿತ ಸಡಿಲವಾಯಿತು. ತಲೆ ದಿಂಬಿನ ಮೇಲೆ ವಾಲಿತು. ಅವಳು ಆ ಕೈಯನ್ನು ಹೊದಿಕೆಯೊಳಗೆ ಸೇರಿಸಿ ಅಂಚನ್ನು ಸರಿಮಾಡಿದಳು.

"ರೋಗಿ ಮಾತಾಡ್ತಿಲ್ಲ. ಉಸಿರು, ನಾಡಿ ಎರಡೂ ಸಿಗ್ತಿಲ್ಲ ಅಂದ್ಕೊಂಡು ಎದೆ ಒತ್ತೋಕೆ ಶುರು ಮಾಡ್ತೀನಿ." ಕೈಗಳು ಮತ್ತೆ ಬೆನ್ನ ಹಿಂದೆ ಹೋಗಿದ್ದವು. ಗಂಟೆ ಹೊಡೆಯುವ ತನಕ ಹೇಳುತ್ತಲೇ ಇದ್ದಳು.

"ಶಭಾಷ್," ಎಂದರು ಸಹಾಯಕರು. "ಈ ಸಲ ಒಂದನ್ನೂ ಬಿಡಲಿಲ್ಲ. ಚೆನ್ನಾಗಿ ಕಲ್ತಿದೀರಿ."

"ಅವರೇ ಕಲಿಸಿದ್ದು ಸರ್."

ಅವಳು ಹೊರಗೆ ಹೋಗಿ ತಾಯಿಗೆ ಫೋನು ಹಚ್ಚಿದಳು. ಮುಂದಿನ ವಿದ್ಯಾರ್ಥಿ ಒಳಗೆ ಹೋಗಿ, ಹೊದಿಕೆ ಸರಿಸಿ ಕೈ ಎತ್ತಿಕೊಂಡ.

"ಸರ್," ಎಂದ ಅವನು ಮೂಲೆಯತ್ತ ತಿರುಗಿ, "ಉಗುರು ಕಡುನೀಲಿ ಆಗಿದೆ."

ಕುರ್ಚಿ ಉರುಳಿದ ಸದ್ದು ಹೊರಗಿನ ತನಕ ಕೇಳಿಸಿತು. ಯಾರೋ ಕೂಗಿದರು, ಬೆಂಚಿನವರೆಲ್ಲ ಬಾಗಿಲಿಗೆ ನುಗ್ಗಿದರು. ಅವಳು ಕಿಟಕಿಯ ಕಡೆಗೆ ಸರಿದು ಒಂದು ಕಿವಿ ಮುಚ್ಚಿಕೊಂಡಳು.

"ಪಾಸಾಗ್ತೀನಮ್ಮ."

"ಅಬ್ಬ, ಜೀವ ಬಂತು ಕಣೇ. ಎಲ್ಲಾ ಸರಿಯಾಗಿ ಹೇಳಿದ್ಯಾ?"

"ಒಂದು ಬಿಟ್ಟು."

"ಅಯ್ಯೋ, ಅದೊಂದು ಗೊತ್ತಿರ್ಲಿಲ್ವೇನೇ?"

"ಗೊತ್ತಿತ್ತಮ್ಮ."