ಎತ್ತು ಮಾಡಬಾರದ ವರ್ಷ

ಯಾರಾದರೂ ಮಕ್ಕಳು ಆಟಕ್ಕೆ ಜೇಡಿಮಣ್ಣು ಕಲಸಿದರೆ ಸಾಕು, ಆ ವಾಸನೆಗೆ ನನಗೆ ಹರಿಹರದ ಹೊಳೆದಂಡೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ತೀರಿಕೊಂಡು ತಿಂಗಳಾಗಿತ್ತು. ನಾನು ಅತ್ತಿರಲಿಲ್ಲ. ಅಷ್ಟರಲ್ಲಿ ಮನೆಮನೆಯಲ್ಲೂ ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ ಬಂತು. "ಸಾವಾದ ಮನಿ. ಈ ವರ್ಷ ಎತ್ತು ಮಾಡಂಗಿಲ್ಲ" ಎಂದಳು ಅಜ್ಜಿ. ನನಗೋ ಒಂದನ್ನಾದರೂ ಮಾಡಿ ಮನೆಯಲ್ಲಿಡುವ ಆಸೆ.

ಪಕ್ಕದ ಮನೆಯ ಗೌರಕ್ಕನಿಗೆ ಏನನಿಸಿತೋ, "ಈ ದಾವಣಗೆರಿ ಮಣ್ಣಾಗ ಜಿಗುಟಿಲ್ಲ, ಹೊಳಿಗೇ ಹೋಗಾನ ನಡೀರೇ!" ಎಂದು ಓಣಿಯ ಹುಡುಗಿಯರನ್ನೆಲ್ಲ ಹೊಗೆರೈಲು ಹತ್ತಿಸಿದಳು. ನನ್ನ ಕೈಯನ್ನೂ ಹಿಡಿದೆಳೆದಳು.

ತುಂಗಭದ್ರೆಯ ದಂಡೆಯಲ್ಲೇ ಕೂತು ಎಲ್ಲರೂ ಎತ್ತು ಮಾಡತೊಡಗಿದೆವು. ಬಟ್ಟೆ ಒಗೆಯುತ್ತಿದ್ದ ಗುರುತಿಲ್ಲದ ಹೆಂಗಸರೂ ಸೆರಗು ಸಿಕ್ಕಿಸಿ ಬಂದು ಸೇರಿದರು. ಗೌರಕ್ಕನ ಎತ್ತಿಗೆ ಹಂದಿಯ ಮೂತಿ ಬಂದು ನಗೆಯೋ ನಗೆ. ನಾನು ಸುಮ್ಮನೆ ಮಣ್ಣು ತಿದ್ದುತ್ತಿದ್ದೆ.

"ಎತ್ತಿಗೆ ಕೆಚ್ಚಲು ಯಾಕ ಇಟ್ಟೀಯೇ ತಂಗಿ?" ಎಂದು ಬಟ್ಟೆ ಒಗೆಯುವವರಲ್ಲೊಬ್ಬಾಕೆ ನಕ್ಕಳು.

"ಇದು ಆಕಳು. ನಮ್ಮವ್ವ ಸತ್ತಾಳೆ, ಅದಕ್ಕೆ ಅಜ್ಜಿ ಎತ್ತು ಮಾಡಬ್ಯಾಡ ಅಂದಾಳೆ."

ಆಕೆ ಚಿಟಿಕೆ ಮಣ್ಣಿನಲ್ಲಿ ಒಂದು ಕರು ಮಾಡಿ, ಅದರ ಬಾಯನ್ನು ಕೆಚ್ಚಲಿಗೆ ಹಚ್ಚಿ ಅಂಟಿಸಿದಳು.

ಸಂಜೆ ಅಜ್ಜಿ ಹೊಸ್ತಿಲಲ್ಲೇ ತಡೆದಳು. "ಏನದು ಕೈಯಾಗ? ಎತ್ತು ಬ್ಯಾಡ ಅಂದಿರಲಿಲ್ಲೇನು? ಹೊರಗಿಡು."

"ಎತ್ತಲ್ಲಜ್ಜಿ."

ಅಜ್ಜಿ ಬಗ್ಗಿ ನೋಡಿದಳು. ಕೆಚ್ಚಲಿಗೆ ಅಂಟಿದ್ದ ಕರುವನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಪಕ್ಕಕ್ಕೆ ಸರಿದು ದಾರಿಬಿಟ್ಟು, "ಇನ್ನೂ ಹಸಿ ಐತೆ. ಕರು ಬಿಟ್ಟುಬಂದೀತು, ಮೆಲ್ಲಗ ಇಡು" ಎಂದಳು.