ಉಬ್ಬರದ ಕಲ್ಲು

ಅಣ್ಣ ಬೀಸಿದ ಹಾರೆಯ ಮೊದಲ ಏಟಿಗೇ ತಮ್ಮನ ಮುಂಗೈ ಮೂಳೆ ಲಟಕ್ಕೆಂದಿತು. ಆದರೂ ಮರಳಿನಲ್ಲಿ ಮಂಡಿಯೂರಿದ್ದ ಅವನು ತಬ್ಬಿಕೊಂಡಿದ್ದ ಕಲ್ಲನ್ನು ಬಿಡಲಿಲ್ಲ. ಸಮುದ್ರದ ಉಬ್ಬರ ಎಲ್ಲಿಯವರೆಗೆ ಏರುತ್ತದೆಂದು ತೋರಿಸಲು ನೆಟ್ಟ ಸರಕಾರಿ ಕಲ್ಲು ಅದು. ಅದರಿಂದ ಮೂವತ್ತು ಮೀಟರಿನೊಳಗಿನ ಮನೆಗಳನ್ನೆಲ್ಲ ಕೆಡವಬೇಕೆಂಬ ಆದೇಶ ಬಂದಿತ್ತು. ಅಳೆಯಲು ಸರ್ವೇಯರ್ ಇನ್ನೊಂದು ಗಂಟೆಯಲ್ಲಿ ಬರುವವರಿದ್ದರು. ಅಣ್ಣ ತನ್ನ ಮನೆಯ ಮೆಟ್ಟಿಲಿನಿಂದ ಹೆಜ್ಜೆ ಹಾಕಿ ನೋಡಿ, ಮೂವತ್ತು ದಾಟುತ್ತದೆಂದು ನೆಮ್ಮದಿಯಾಗಿದ್ದ.

“ಕಲ್ಲು ಕಿತ್ತು ನನ್ನ ಮನೆ ಹತ್ರ ತರ್ತೀಯೇನೋ, ಮನೆಮುರುಕ! ನಂದು ಬಿದ್ರೆ ಹಿಂದಿರೋ ನಿನ್ನ ಮನೆಗೆ ಸಮುದ್ರ ಕಾಣುತ್ತೆ, ರೇಟು ದುಪ್ಪಟ್ಟಾಗುತ್ತೆ, ಅಲ್ವೇನೋ?” ಎರಡನೆಯ ಏಟು ಭುಜಕ್ಕೆ ಬಿತ್ತು. ತಮ್ಮ ಏನೋ ಹೇಳಲು ಬಾಯಿ ತೆರೆದಾಗ ಅಣ್ಣ ಅದಕ್ಕೇ ಒದ್ದ. ಹಲ್ಲೊಂದು ಮರಳಿಗೆ ಉದುರಿತು.

ಮೂರನೆಯ ಏಟನ್ನು ತಲೆಗೇ ಗುರಿಯಿಟ್ಟು, ಹಾರೆಯನ್ನು ಎರಡೂ ಕೈಗಳಿಂದ ಎತ್ತಿ, ಅಣ್ಣ ತನ್ನ ಮನೆಯ ದಿಕ್ಕಿಗೆ ಒಂದು ಹೆಜ್ಜೆ ಹಿಂದೆ ಸರಿದ. ಬಲಗಾಲು ಮೊಣಕಾಲಿನವರೆಗೆ ನೀರು ತುಂಬಿದ ಗುಂಡಿಯೊಳಗೆ ಇಳಿಯಿತು. ಕಲ್ಲಿನಷ್ಟೇ ಅಗಲದ, ಚೌಕವಾದ ಗುಂಡಿ. ಕಲ್ಲು ಮೊದಲು ಇದ್ದದ್ದು ಅಲ್ಲಿ. ತಮ್ಮ ಅದನ್ನು ಸಮುದ್ರದ ಕಡೆಗೆ ಸರಿಸಿದ್ದ.

“ಹೆಜ್ಜೆ ಲೆಕ್ಕ ನಂಬ್ಕೊಂಡು ಕೂತಿದ್ದೆ ನೀನು,” ಎಂದ ತಮ್ಮ, ನೆತ್ತರು ಉಗುಳಿ. “ನಾನು ಟೇಪು ಹಿಡಿದು ನೋಡ್ದೆ. ಮೂವತ್ತಕ್ಕೆ ಒಂದು ಮೊಳ ಕಮ್ಮಿ ಇತ್ತು ಕಣೋ ಅಣ್ಣ. ನನ್ನ ಕೈಯಂತೂ ಹೋಯ್ತು. ಅವ್ರು ಬರೋದ್ರೊಳಗೆ ಆ ಗುಂಡಿ ನೀನೇ ಮುಚ್ಚು.”